ಪರದೇಶದ ಮಕ್ಕಳಿಗಾಗಿ ಉಣ್ಣೆಯ ಹೆಣಿಗೆ: ಒಂದು ಸ್ವಯಂಸೇವೆಯ ಚರಿತ್ರೆ

ಮಹಾಯುದ್ಧಗಳ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಸೇನೆಗಳ ಚಲನವಲನ, ಒಪ್ಪಂದಗಳ ಕರಾರು, ಸಾವುನೋವುಗಳ ಲೆಕ್ಕ ಇವೆಲ್ಲವೂ ವಿಸ್ತಾರವಾಗಿ ದೊರೆಯುತ್ತವೆ. ಅದೇ ವರ್ಷಗಳಲ್ಲಿ ಲಕ್ಷಾಂತರ ಮಂದಿ ಹೆಂಗಸರೂ ಶಾಲೆಯ ಮಕ್ಕಳೂ ತಮ್ಮ ತಮ್ಮ ಊರುಗಳಲ್ಲಿ ಕುಳಿತು, ಕೆಲವು ಕಡ್ಡಿಗಳು ಮತ್ತು ಒಂದು ಉಂಡೆ ಉಣ್ಣೆಯ ನೂಲಿನಿಂದ ಮಾಡಿದ ಕೆಲಸಕ್ಕೆ ಆ ಗ್ರಂಥಗಳಲ್ಲಿ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿನ ಸ್ಥಳ ದೊರೆಯುವುದು ವಿರಳ. ಹೆಣಿಗೆಯು ಮನೆವಾರ್ತೆಯ ಕೆಲಸವೆಂದೂ ದಾನವು ವ್ಯಕ್ತಿಯ ಸ್ವಂತ ಗುಣವೆಂದೂ ಭಾವಿಸಿದುದು ಈ ಅಲಕ್ಷ್ಯಕ್ಕೆ ಕಾರಣವಾಗಿರಬಹುದು. ಆದರೆ ಕಾಣದ ದೇಶದ, ಹೆಸರರಿಯದ ಮಗುವಿಗಾಗಿ ಬೆಚ್ಚನೆಯ ಉಡುಪನ್ನು ಹೆಣೆದು ಕಳುಹಿಸುವ ಕಾರ್ಯವು ಅಷ್ಟು ಸರಳವಾದುದಲ್ಲ. ಕೂಲಿಯ ಪ್ರಶ್ನೆ, ವೈರದ ಪ್ರಶ್ನೆ, ಕೊನೆಗೆ ವೈದ್ಯಶಾಸ್ತ್ರದ ಪ್ರಶ್ನೆ ಇವು ಮೂರೂ ಒಂದಾದ ಮೇಲೊಂದರಂತೆ ಅದನ್ನು ಎದುರಿಸಿವೆ.

ಪ್ರಸ್ತುತ ಲೇಖನದಲ್ಲಿ ಬ್ರಿಟನ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೮೮೨ರಿಂದ ಈಚೆಗೆ ಈ ಕಾರ್ಯವು ಬೆಳೆದು ಬಂದ ಬಗೆಯನ್ನು ನಾವು ಪರಿಶೀಲಿಸಲು ಉದ್ದೇಶಿಸಿದ್ದೇವೆ. ನಮ್ಮ ವಾದವನ್ನು ಮೊದಲೇ ಸಂಕ್ಷೇಪವಾಗಿ ಹೇಳಬಹುದು. ಕೊಡುವವರ ಮಮತೆಯೊಂದರಿಂದಲೇ ಈ ದಾನವು ಸಾರ್ಥಕವಾಗಲಿಲ್ಲ. ಪಡೆಯುವವರ ಅಗತ್ಯವೇ ವಸ್ತುವನ್ನೂ ಅಳತೆಯನ್ನೂ ಸಂಖ್ಯೆಯನ್ನೂ ನಿರ್ಣಯಿಸಿದಾಗ ಅದು ಸಾರ್ಥಕವಾಯಿತು. ಈ ಪಾಠವನ್ನು ಕಲಿತ ಸಂಸ್ಥೆಗಳು ಅದನ್ನು ಮತ್ತೆ ಮತ್ತೆ ಮರೆತು, ಮತ್ತೆ ಮತ್ತೆ ಕಲಿಯಬೇಕಾಯಿತು.

೧

ನಮ್ಮ ಕಥನದ ಆರಂಭವು ಪರದೇಶದಲ್ಲಿ ಅಲ್ಲ, ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಐವರ್ನ್ ಮಿನ್ಸ್ಟರ್ ಎಂಬ ಹಳ್ಳಿಯ ಒಂದು ಚಿಕ್ಕ ಅನಾಥಾಲಯದಲ್ಲಿದೆ. ೧೮೮೨ರಲ್ಲಿ ಆ ಅನಾಥಾಲಯದ ಮೇಲ್ವಿಚಾರಕಿಯು ಲೇಡಿ ವುಲ್ವರ್ಟನ್ ಅವರನ್ನು ಮಕ್ಕಳಿಗಾಗಿ ಕೈಯಲ್ಲಿ ಹೆಣೆದ ೨೪ ಜೊತೆ ಕಾಲುಚೀಲಗಳನ್ನೂ ೧೨ ಜರ್ಸಿಗಳನ್ನೂ ಕೇಳಿದರು. ಲೇಡಿ ವುಲ್ವರ್ಟನ್ ತಮ್ಮ ಸ್ನೇಹಿತೆಯರ ಒಂದು ಕೂಟವನ್ನು ಕಟ್ಟಿ, ಪ್ರತಿಯೊಬ್ಬ ಸದಸ್ಯೆಯೂ ವರ್ಷಕ್ಕೆ ಎರಡು ಉಡುಪುಗಳಿಗೆ ಕಡಿಮೆಯಿಲ್ಲದಂತೆ ಮಾಡಿಕೊಡತಕ್ಕದ್ದೆಂದು ನಿಯಮ ಮಾಡಿದರು. ಮುಂದೆ ಲಂಡನ್ ನೀಡಲ್‌ವರ್ಕ್ ಗಿಲ್ಡ್ ಎಂದು ಪ್ರಸಿದ್ಧವಾದ ಸಂಸ್ಥೆಯ ಮೂಲ ಇದು. ೧೮೮೫ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿಯೂ ಇದೇ ಮಾದರಿಯ ಗಿಲ್ಡ್ ಒಂದು ಹುಟ್ಟಿತು. ಅಲ್ಲಿಯೂ ಎರಡು ಹೊಸ ಉಡುಪುಗಳೆಂಬುದೇ ನಿಯಮ. ಒಂದು ತೊಡಲು, ಇನ್ನೊಂದು ಅದನ್ನು ಒಗೆಯಲು ಹಾಕಿದಾಗ ಬೇಕಾಗುವುದಕ್ಕೆ.

ಈ ಪ್ರಸಂಗವು ಅಲ್ಪವೆಂದು ತೋರಬಹುದು. ಆದರೆ ಇದರಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಬೇಡಿಕೆಯು ಮಕ್ಕಳನ್ನು ದಿನವೂ ಕಾಣುತ್ತಿದ್ದ ವ್ಯಕ್ತಿಯಿಂದ ಬಂದಿತು. ವಸ್ತುವಿನ ಹೆಸರೂ ಸಂಖ್ಯೆಯೂ ಅದರಲ್ಲಿಯೇ ಇದ್ದವು. ಎರಡನೆಯದಾಗಿ, ಕೊಡುವವರ ಉತ್ಸಾಹಕ್ಕೆ ಒಂದು ನಿಯಮ ಏರ್ಪಟ್ಟಿತು. ಹಳೆಯ ಬಟ್ಟೆಯಲ್ಲ, ಹೊಸದು; ಮನ ಬಂದಷ್ಟಲ್ಲ, ಗೊತ್ತಾದಷ್ಟು. ಮುಂದಿನ ಎಲ್ಲ ಬೆಳವಣಿಗೆಗಳನ್ನೂ ಅಳೆಯುವುದಕ್ಕೆ ಈ ಚಿಕ್ಕ ಬೇಡಿಕೆಯ ಚೀಟಿಯನ್ನೇ ನಾವು ಮಾನದಂಡವಾಗಿ ಇಟ್ಟುಕೊಳ್ಳಬಹುದು.

೨

೧೯೧೪ರ ಆಗಸ್ಟ್‌ನಲ್ಲಿ ಯೂರೋಪಿನ ಯುದ್ಧವು ಆರಂಭವಾದಾಗ ಈ ಗಿಲ್ಡ್ ರಾಣಿ ಮೇರಿಯ ಹೆಸರನ್ನು ಪಡೆದು, ಸೈನಿಕರ ಉಡುಪುಗಳ ಕಡೆಗೆ ತಿರುಗಿತು. ಆ ಶರತ್ಕಾಲದಲ್ಲಿ ರಾಣಿಯೂ ಯುದ್ಧಮಂತ್ರಿ ಲಾರ್ಡ್ ಕಿಚನರನೂ ಸೇರಿ ದೇಶದ ಹೆಂಗಸರಿಂದ ೩ ಲಕ್ಷ ಜೊತೆ ಕಾಲುಚೀಲಗಳನ್ನೂ ೩ ಲಕ್ಷ ಉಣ್ಣೆಯ ನಡುಪಟ್ಟಿಗಳನ್ನೂ ಬಯಸಿದರು. ಅನಾಥಾಲಯದ ೨೪ ಜೊತೆಗಳಿಂದ ೩ ಲಕ್ಷ ಜೊತೆಗಳವರೆಗೆ ೩೨ ವರ್ಷಗಳ ದಾರಿ. ಕಂದಕಗಳ ಕೆಸರುನೀರಿನಲ್ಲಿ ದಿನಗಟ್ಟಲೆ ನಿಂತವರ ಪಾದಗಳು ಊದಿ ಕೊಳೆಯುವ ರೋಗವು ಆ ಯುದ್ಧದಲ್ಲಿ ವ್ಯಾಪಕವಾಗಿದ್ದುದರಿಂದ, ಬದಲಾಯಿಸಿ ತೊಡಲು ಒಣಗಿದ ಕಾಲುಚೀಲ ಇರುವುದು ಸೈನಿಕನಿಗೆ ಪ್ರಾಣಾಗತ್ಯದ ವಿಷಯವಾಗಿತ್ತು. ಬೆರಳುಗಳ ತುದಿಯಲ್ಲಿ ಒತ್ತುಗಂಟು ಬಾರದಂತೆ ಕುಣಿಕೆಗಳನ್ನು ಜೋಡಿಸುವ ಒಂದು ವಿಧಾನವು ಇಂದಿಗೂ ಕಿಚನರನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಮ್ಮ ದೇಶದಲ್ಲಿಯೂ ೧೯೬೨ರ ಚೀನಾ ಯುದ್ಧದ ಕಾಲದಲ್ಲಿ ಹಿಮಾಲಯದ ಗಡಿಯಲ್ಲಿದ್ದ ಯೋಧರಿಗಾಗಿ ಹೆಂಗಸರು ಸ್ವೆಟರುಗಳನ್ನು ಹೆಣೆದುದನ್ನು ವಾಚಕರು ಇಲ್ಲಿ ಸ್ಮರಿಸಬಹುದು.

ಆದರೆ ೧೯೧೪ರ ಈ ಉತ್ಸಾಹವು ಕೂಡಲೇ ಒಂದು ತೊಡಕನ್ನು ಹುಟ್ಟಿಸಿತು. ಯುದ್ಧವು ಆರಂಭವಾದೊಡನೆ ಸಿರಿವಂತರು ಖರ್ಚನ್ನು ಕಡಿಮೆ ಮಾಡಿದುದರಿಂದ ಹೊಲಿಗೆ ಹಾಗೂ ಉಡುಪಿನ ಉದ್ಯಮಗಳಲ್ಲಿ ಕೂಲಿಗೆ ದುಡಿಯುತ್ತಿದ್ದ ಹೆಂಗಸರು ಸಾವಿರಗಟ್ಟಲೆಯಾಗಿ ಕೆಲಸ ಕಳೆದುಕೊಂಡಿದ್ದರು. ಅಂಥ ಸಮಯದಲ್ಲಿ ಅನುಕೂಲಸ್ಥ ಮನೆಗಳ ಸ್ತ್ರೀಯರು ಅದೇ ಕಾಲುಚೀಲ, ಅಂಗಿಗಳನ್ನು ಪುಕ್ಕಟೆಯಾಗಿ ಮಾಡಿಕೊಡತೊಡಗಿದರೆ ಆ ದುಡಿಮೆಗಾರ್ತಿಯರ ಗತಿ ಏನು? ಸ್ತ್ರೀ ಕಾರ್ಮಿಕರ ರಾಷ್ಟ್ರೀಯ ಒಕ್ಕೂಟವನ್ನು ೧೯೦೬ರಲ್ಲಿ ಸ್ಥಾಪಿಸಿದ್ದ ಮೇರಿ ಮಕಾರ್ಥರ್ ಈ ಪ್ರಶ್ನೆಯನ್ನು ರಾಣಿಯ ಎದುರಿಗೇ ಇಟ್ಟರು. ಪರಿಣಾಮವಾಗಿ ೧೯೧೪ರ ಆಗಸ್ಟ್ ೨೦ರಂದು ಸ್ತ್ರೀಯರ ಉದ್ಯೋಗದ ಕೇಂದ್ರ ಸಮಿತಿಯು ರಚಿತವಾಯಿತು. ಮೇರಿ ಮಕಾರ್ಥರರೇ ಅದರ ಗೌರವ ಕಾರ್ಯದರ್ಶಿಯಾದರು. ನಿರುದ್ಯೋಗಿ ಸ್ತ್ರೀಯರಿಗೆ ಕೂಲಿ ಕೊಟ್ಟು ಕೆಲಸ ಒದಗಿಸಲು ರಾಣಿಯ ಹೆಸರಿನಲ್ಲಿ ಒಂದು ನಿಧಿಯೂ ಏರ್ಪಟ್ಟಿತು. ಈ ಕಾರ್ಯಾಗಾರಗಳಲ್ಲಿ ಗಂಟೆಗೆ ೩ ಪೆನ್ಸಿನಂತೆ ವಾರಕ್ಕೆ ೪೦ ಗಂಟೆ ದುಡಿದವಳಿಗೆ ೧೦ ಷಿಲಿಂಗು ದೊರೆಯುತ್ತಿತ್ತು. ಇದೂ ಅಲ್ಪವೇ ಎಂದು ಸಿಲ್ವಿಯ ಪ್ಯಾಂಕ್‌ಹರ್ಸ್ಟ್ ಮೊದಲಾದವರು ಕಟುವಾಗಿ ಟೀಕಿಸಿದುದುಂಟು.

ಈ ವಾದವಿವಾದದ ಮಹತ್ವವು ಆ ಒಂದು ವರ್ಷಕ್ಕೆ ಸೀಮಿತವಾದುದಲ್ಲ. ಪುಕ್ಕಟೆಯ ದುಡಿಮೆಯು ಎಲ್ಲಿಯೋ ಒಬ್ಬರ ಕೂಲಿಯನ್ನು ಕಸಿಯಬಹುದೆಂಬ ಅರಿವು ಅಲ್ಲಿಂದ ಮುಂದೆ ಪರಿಹಾರ ಕಾರ್ಯದ ಚಿಂತನೆಯಲ್ಲಿ ಉಳಿದುಕೊಂಡಿತು. ದಾನದ ಫಲವನ್ನು ಕೊಡುವವರ ತೃಪ್ತಿಯಿಂದ ಅಳೆಯಲಾಗದು. ಅದರ ಪರಿಣಾಮವನ್ನು ಅನುಭವಿಸುವ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದೇ ಮೇರಿ ಮಕಾರ್ಥರರ ನಿಲುವಿನ ಸಾರ.

೩

ಸೈನಿಕನ ಹಿಂದೆಯೇ ನಿರಾಶ್ರಿತ ಮಗುವು ಸ್ವಯಂಸೇವಕರ ದೃಷ್ಟಿಗೆ ಬಿದ್ದಿತು. ಬೆಲ್ಜಿಯಂ ದೇಶವನ್ನು ಜರ್ಮನ್ ಸೇನೆಯು ಆಕ್ರಮಿಸಿದ ಮೇಲೆ, ೧೯೧೪ರ ಅಕ್ಟೋಬರಿನಲ್ಲಿ ಹರ್ಬರ್ಟ್ ಹೂವರ್ ನೇತೃತ್ವದಲ್ಲಿ ಸ್ಥಾಪಿತವಾದ ಪರಿಹಾರ ಆಯೋಗವು ಬೆಲ್ಜಿಯಂ ಹಾಗೂ ಉತ್ತರ ಫ್ರಾನ್ಸಿನ ಸುಮಾರು ೯೦ ಲಕ್ಷ ಜನರಿಗೆ ಆಹಾರವನ್ನೂ, ಅದರೊಡನೆ ಉಡುಪುಗಳನ್ನೂ ಒದಗಿಸಿತು. ೧೯೧೭ರ ಏಪ್ರಿಲಿನಲ್ಲಿ ಅಮೆರಿಕವು ಯುದ್ಧವನ್ನು ಪ್ರವೇಶಿಸಿದ ಮೇಲೆ ಅಲ್ಲಿನ ರೆಡ್ ಕ್ರಾಸ್ ಸಂಸ್ಥೆಯು ಹೆಣಿಗೆಯನ್ನು ಒಂದು ರಾಷ್ಟ್ರೀಯ ಉದ್ಯಮದಂತೆಯೇ ವ್ಯವಸ್ಥೆಗೊಳಿಸಿತು. ಯುದ್ಧದ ಅವಧಿಯಲ್ಲಿ ಅದರ ಸ್ವಯಂಸೇವಕರು ಸಿದ್ಧಪಡಿಸಿದ ಬ್ಯಾಂಡೇಜು, ಆಸ್ಪತ್ರೆಯ ಬಟ್ಟೆ, ಹೆಣೆದ ಉಡುಪು ಮುಂತಾದ ಎಲ್ಲ ವಸ್ತುಗಳ ಒಟ್ಟು ಸಂಖ್ಯೆ ೩೭ ಕೋಟಿಯನ್ನು ಮುಟ್ಟಿತು.

ಸಂಖ್ಯೆಗಿಂತಲೂ ಪದ್ಧತಿಯೇ ಇಲ್ಲಿ ಮುಖ್ಯವಾದುದು. ರೆಡ್ ಕ್ರಾಸ್ ಅಚ್ಚುಹಾಕಿಸಿ ಹಂಚಿದ ಸೂಚನಾ ಪತ್ರಗಳಲ್ಲಿ ಕಡ್ಡಿಯ ದಪ್ಪ, ನೂಲಿನ ಬಗೆ, ಎತ್ತಿಕೊಳ್ಳಬೇಕಾದ ಕುಣಿಕೆಗಳ ಸಂಖ್ಯೆ, ಉಡುಪಿನ ಉದ್ದಗಲ ಇವೆಲ್ಲವೂ ನಿರ್ದಿಷ್ಟವಾಗಿದ್ದವು. ಹೆಣೆದವರು ತಮ್ಮ ಅಭಿರುಚಿಗೆ ತಕ್ಕ ಬಣ್ಣವನ್ನಾಗಲಿ ಅಲಂಕಾರವನ್ನಾಗಲಿ ಸೇರಿಸಲು ಅವಕಾಶ ಕಡಿಮೆ. ಮನೆಯ ಮಗುವಿಗೆ ಹೆಣೆಯುವ ತಾಯಿಗೆ ಮಗುವಿನ ಮೈಯೇ ಎದುರಿಗಿದ್ದು ಅಳತೆಯನ್ನು ಒದಗಿಸುತ್ತದೆ. ಸಮುದ್ರದಾಚೆಯ ಮಗುವಿಗೆ ಹೆಣೆಯುವವಳಿಗೆ ಆ ಮೈಯ ಸ್ಥಾನದಲ್ಲಿ ಅಚ್ಚಾದ ಒಂದು ಹಾಳೆ ಇರುತ್ತದೆ. ಸ್ವಂತ ಇಚ್ಛೆಯನ್ನು ಆ ಹಾಳೆಗೆ ಒಪ್ಪಿಸುವುದೇ ಈ ಸೇವೆಯಲ್ಲಿನ ಕಠಿಣವಾದ ಭಾಗ. ನೂಲು ಸುತ್ತುವ ಶ್ರಮವು ಅದಕ್ಕಿಂತ ಸುಲಭ.

೧೯೧೭ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ನನ ಘೋಷಣೆಯೊಡನೆ ಆರಂಭವಾದ ಜೂನಿಯರ್ ರೆಡ್ ಕ್ರಾಸ್ ಶಾಲೆಯ ಮಕ್ಕಳನ್ನೂ ಈ ಕಾರ್ಯಕ್ಕೆ ಸೇರಿಸಿತು. ಮಗುವೊಂದರ ವಂತಿಗೆ ೨೫ ಸೆಂಟು; ಯುದ್ಧ ಮುಗಿಯುವ ವೇಳೆಗೆ ಸದಸ್ಯರ ಸಂಖ್ಯೆ ಒಂದು ಕೋಟಿಯನ್ನು ಮೀರಿತ್ತು. ಎಳೆಯ ಕೈಗಳಿಗೆ ಕಾಲುಚೀಲದ ಹಿಮ್ಮಡಿಯನ್ನು ತಿರುಗಿಸುವುದು ಕಷ್ಟವಾದುದರಿಂದ, ಚಿಕ್ಕ ಚಿಕ್ಕ ಚೌಕಗಳನ್ನು ಹೆಣೆಸಿ ಅವುಗಳನ್ನು ಕೂಡಿಸಿ ನಿರಾಶ್ರಿತರಿಗೆ ಹೊದಿಕೆಗಳನ್ನು ಮಾಡುವ ಕ್ರಮವು ಬಳಕೆಗೆ ಬಂದಿತು. ಒಂದು ಹೊದಿಕೆಯಲ್ಲಿ ಅನೇಕ ಮಕ್ಕಳ ಕೈಕೆಲಸ ಸೇರುತ್ತಿತ್ತು. ಇಂದಿಗೂ ಹಲವು ದೇಶಗಳಲ್ಲಿ ಹೆಣಿಗೆಯ ಸೇವಾಕೂಟಗಳು ಇದೇ ಚೌಕಗಳ ಕ್ರಮವನ್ನು ಅನುಸರಿಸುತ್ತಿವೆ.

೪

ಮೇಲೆ ಹೇಳಿದ ಮಕ್ಕಳೆಲ್ಲರೂ ಮಿತ್ರರಾಷ್ಟ್ರಗಳ ಮಕ್ಕಳು. ೧೯೧೮ರ ನವೆಂಬರ್ ೧೧ರ ಕದನವಿರಾಮದ ನಂತರ ಹೆಚ್ಚು ತೀಕ್ಷ್ಣವಾದ ಪ್ರಶ್ನೆಯೊಂದು ಎದ್ದಿತು. ಜರ್ಮನಿಯ ಮೇಲಿನ ನೌಕಾ ದಿಗ್ಬಂಧನವನ್ನು ವಿಜೇತ ರಾಷ್ಟ್ರಗಳು ೧೯೧೯ರ ಜುಲೈವರೆಗೂ ಪೂರ್ಣವಾಗಿ ತೆಗೆಯಲಿಲ್ಲ. ಜರ್ಮನಿ, ಆಸ್ಟ್ರಿಯಗಳ ನಗರಗಳಲ್ಲಿ ಮಕ್ಕಳು ಹಾಲು, ಆಹಾರ, ಬೆಚ್ಚನೆಯ ಬಟ್ಟೆ ಯಾವುದೂ ಇಲ್ಲದೆ ಕೃಶರಾಗುತ್ತಿದ್ದರು. ನಿನ್ನೆಯವರೆಗೆ ತನ್ನ ಮಗನ ಮೇಲೆ ಗುಂಡು ಹಾರಿಸಿದವನ ಮಗುವಿಗೆ ಒಬ್ಬ ತಾಯಿಯು ಸ್ವೆಟರನ್ನು ಹೆಣೆಯಬಹುದೇ? ಹೆಣೆಯಬೇಕೇ?

ಎಗ್ಲಾಂಟೈನ್ ಜೆಬ್ ಮತ್ತು ಆಕೆಯ ಸೋದರಿ ಡೊರೊಥಿ ಬಕ್ಸ್‌ಟನ್ ಈ ಪ್ರಶ್ನೆಗೆ ನಿಸ್ಸಂದಿಗ್ಧವಾದ ಉತ್ತರವನ್ನು ಕೊಟ್ಟರು. ಆಸ್ಟ್ರಿಯದ ಒಂದು ಹಸಿದ ಮಗುವಿನ ಚಿತ್ರವುಳ್ಳ ಕರಪತ್ರಗಳನ್ನು ಸರಕಾರದ ಅನುಮತಿ ಇಲ್ಲದೆ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿದುದಕ್ಕಾಗಿ ಜೆಬ್ ಅವರನ್ನು ೧೯೧೯ರ ವಸಂತದಲ್ಲಿ ಬಂಧಿಸಿ, ಮೇ ತಿಂಗಳಿನಲ್ಲಿ ೫ ಪೌಂಡುಗಳ ದಂಡವನ್ನು ವಿಧಿಸಲಾಯಿತು. ಅದೇ ಮೇ ೧೯ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಸಾರ್ವಜನಿಕ ಸಭೆಯಿಂದ ಸೇವ್ ದ ಚಿಲ್ಡ್ರನ್ ನಿಧಿಯು ಲೋಕಕ್ಕೆ ಪರಿಚಿತವಾಯಿತು. ಆಪತ್ಕಾಲದಲ್ಲಿ ಪರಿಹಾರವು ಎಲ್ಲರಿಗಿಂತ ಮೊದಲು ಮಗುವಿಗೆ ದೊರೆಯಬೇಕೆಂಬ ಜೆಬ್ ಅವರ ತತ್ವವು ರಾಷ್ಟ್ರಸಂಘವು ೧೯೨೪ರಲ್ಲಿ ಅಂಗೀಕರಿಸಿದ ಜಿನೀವ ಘೋಷಣೆಯಲ್ಲಿ ಸ್ಥಾನ ಪಡೆಯಿತು. ಜನಾಂಗ, ರಾಷ್ಟ್ರ, ಮತ ಇವುಗಳ ಎಣಿಕೆ ಇಲ್ಲದೆ ಎಂಬ ಷರತ್ತೂ ಆ ಘೋಷಣೆಯ ಭಾಗವಾಗಿದ್ದುದು ಗಮನಾರ್ಹ.

ಅಮೆರಿಕದಲ್ಲಿ ಇದೇ ಕಾರ್ಯವನ್ನು ಕ್ವೇಕರ್ ಪಂಥದವರು ೧೯೧೭ರಲ್ಲಿ ಫಿಲಡೆಲ್ಫಿಯದಲ್ಲಿ ಸ್ಥಾಪಿಸಿದ ಸೇವಾ ಸಮಿತಿಯು ಕೈಗೊಂಡಿತು. ಯುದ್ಧವನ್ನೇ ಒಪ್ಪದ ಆ ಪಂಥದ ಸ್ತ್ರೀಯರು ಫ್ರಾನ್ಸಿನ ನಿರಾಶ್ರಿತರಿಗಾಗಿ ಹೊಲಿದು ಹೆಣೆದು ಕಳುಹಿಸುತ್ತಿದ್ದರು. ಶಾಂತಿಯಾದ ಮೇಲೆ ಸೋತ ರಾಷ್ಟ್ರಗಳ ಮಕ್ಕಳಿಗೂ ಕಳುಹಿಸಿದರು. ೧೯೨೦ರ ಫೆಬ್ರವರಿಯಲ್ಲಿ ಜರ್ಮನಿಯಲ್ಲಿ ಅವರು ಆರಂಭಿಸಿದ ಮಕ್ಕಳ ಊಟದ ಕೇಂದ್ರಗಳಲ್ಲಿ ೧೯೨೧ರ ವೇಳೆಗೆ ದಿನಕ್ಕೆ ಸುಮಾರು ೧೦ ಲಕ್ಷ ಮಕ್ಕಳು ಉಣ್ಣುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರವೂ ಈ ನೀತಿಯೇ ಮುಂದುವರಿಯಿತು. ೧೯೪೬ರಿಂದ ೧೯೫೨ರವರೆಗೆ ಜಪಾನಿಗೆ ಆಹಾರ, ಉಡುಪು, ಔಷಧಗಳನ್ನು ಕಳುಹಿಸಿದ ಸಂಯುಕ್ತ ಪರಿಹಾರ ಸಂಸ್ಥೆಯಲ್ಲಿ ಕ್ವೇಕರರೂ ಪಾಲುಗೊಂಡಿದ್ದರು.

ಈ ಸಮಿತಿಯ ಉಡುಪಿನ ಉಗ್ರಾಣದ ಕುರಿತು ಪ್ರಸಿದ್ಧವಾದ ಸಂಗತಿಯೊಂದುಂಟು. ೧೯೪೭ರ ನೊಬೆಲ್ ಶಾಂತಿ ಪಾರಿತೋಷಕವು ಬ್ರಿಟಿಷ್ ಮತ್ತು ಅಮೆರಿಕನ್ ಕ್ವೇಕರ್ ಸಂಸ್ಥೆಗಳಿಗೆ ಜಂಟಿಯಾಗಿ ಬಂದಾಗ, ಅಮೆರಿಕನ್ ಸಮಿತಿಯ ಅಧ್ಯಕ್ಷ ಹೆನ್ರಿ ಕ್ಯಾಡ್ಬರಿಯವರಲ್ಲಿ ಆಸ್ಲೊ ನಗರದ ಸಮಾರಂಭಕ್ಕೆ ಬೇಕಾದ ಉದ್ದ ಬಾಲದ ಕೋಟು ಇರಲಿಲ್ಲ. ಅವರು ತಮ್ಮದೇ ಉಗ್ರಾಣದಿಂದ ಅಂಥ ಒಂದು ಕೋಟನ್ನು ಎರವಲು ಪಡೆದು ಹೋದರು. ಪರಿಹಾರದ ಉಗ್ರಾಣದಲ್ಲಿ ಅಂಥ ಕೋಟುಗಳು ಏಕೆ ಇದ್ದವು ಎಂಬುದೇ ನಮಗೆ ಮುಖ್ಯವಾದುದು. ಬುಡಾಪೆಸ್ಟ್ ನಗರದ ವಾದ್ಯವೃಂದದ ಕಲಾವಿದರಿಗೆ ಕಚೇರಿ ನಡೆಸಲು ತಕ್ಕ ಉಡುಪಿಲ್ಲವೆಂದು ತಿಳಿದು, ಅವರಿಗಾಗಿಯೇ ಅವುಗಳನ್ನು ಸಂಗ್ರಹಿಸಲಾಗಿತ್ತು. ಬಡವನಿಗೆ ಯಾವುದಾದರೇನು ಎಂಬ ಮನೋಭಾವದಿಂದ ನಡೆದ ಉಗ್ರಾಣವಲ್ಲ ಅದು. ಯಾರಿಗೆ ಏನು ಬೇಕೆಂಬುದನ್ನು ಕೇಳಿ ತಿಳಿದು ನಡೆದ ಉಗ್ರಾಣ. ೧೮೮೨ರ ಮೇಲ್ವಿಚಾರಕಿಯ ಬೇಡಿಕೆಯ ಕ್ರಮವೇ ಇಲ್ಲಿಯೂ ಇತ್ತೆನ್ನಬಹುದು.

೫

೧೯೪೦ರ ಜನವರಿಯಲ್ಲಿ, ಅಮೆರಿಕವು ಇನ್ನೂ ತಟಸ್ಥವಾಗಿದ್ದಾಗ, ನ್ಯೂಯಾರ್ಕಿನಲ್ಲಿ ನತಾಲಿ ವೇಲ್ಸ್ ಲೇತಮ್ ಎಂಬ ಮಹಿಳೆಯು ಬಂಡಲ್ಸ್ ಫಾರ್ ಬ್ರಿಟನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲಿಗೆ ಬ್ರಿಟಿಷ್ ನಾವಿಕರಿಗಾಗಿ ಹೆಣೆಯುವುದು ಅದರ ಉದ್ದೇಶ. ಜರ್ಮನ್ ವಿಮಾನಗಳು ಬ್ರಿಟನ್ನಿನ ನಗರಗಳ ಮೇಲೆ ಬಾಂಬುಗಳನ್ನು ಸುರಿಯತೊಡಗಿದ ಮೇಲೆ ಮನೆಮಠಗಳನ್ನು ಕಳೆದುಕೊಂಡ ಸಂಸಾರಗಳ ಕಡೆಗೂ ಅದರ ಸಹಾಯ ಹರಿಯಿತು. ಹೀಗೆ ೧೯೧೪ರಂತೆಯೇ ಯೋಧನಿಂದ ಆರಂಭವಾದ ಸೇವೆಯು ಮಗುವನ್ನು ಮುಟ್ಟಿತು. ಬ್ರಿಟನ್ನಿನ ಒಳಗೆ ೧೯೪೧ರ ಜೂನ್ ೧ರಿಂದ ಬಟ್ಟೆಗೆ ಪಡಿತರ ಬಂದು, ಹೆಣಿಗೆಯ ನೂಲಿಗೂ ಕೂಪನ್ ಕೊಡಬೇಕಾಯಿತು. ಹಳೆಯ ಸ್ವೆಟರುಗಳನ್ನು ಬಿಚ್ಚಿ, ಆ ನೂಲನ್ನು ತೊಳೆದು ಒಣಗಿಸಿ ಮಕ್ಕಳಿಗೆ ಮತ್ತೆ ಹೆಣೆಯುವುದು ಅಲ್ಲಿ ಸಾಮಾನ್ಯ ರೂಢಿಯಾಯಿತು.

ಯುದ್ಧಾನಂತರದ ಯೂರೋಪಿನಲ್ಲಿ ಅಗತ್ಯವು ಮನೆಮನೆಯ ಹೆಣಿಗೆಯ ಶಕ್ತಿಯನ್ನು ಮೀರಿತ್ತು. ೧೯೪೬ರ ಡಿಸೆಂಬರ್ ೧೧ರಂದು ವಿಶ್ವಸಂಸ್ಥೆಯು ಸ್ಥಾಪಿಸಿದ ಮಕ್ಕಳ ನಿಧಿ, ಎಂದರೆ ಯುನಿಸೆಫ್, ಇಲ್ಲಿ ಒಂದು ಹೊಸ ದಾರಿಯನ್ನು ಹಿಡಿಯಿತು. ಸಿದ್ಧ ಉಡುಪುಗಳನ್ನೇ ಹಡಗಿನಲ್ಲಿ ತುಂಬಿ ಕಳುಹಿಸುವುದಕ್ಕೆ ಬದಲಾಗಿ ಉಣ್ಣೆ, ಹತ್ತಿ, ತೊಗಲುಗಳಂಥ ಕಚ್ಚಾ ಸಾಮಗ್ರಿಗಳನ್ನು ಆಯಾ ದೇಶಗಳಿಗೆ ಒದಗಿಸಿ, ಅಲ್ಲಿಯ ಕಾರ್ಖಾನೆಗಳಲ್ಲಿಯೇ ಮಕ್ಕಳ ಉಡುಪುಗಳನ್ನೂ ಪಾದರಕ್ಷೆಗಳನ್ನೂ ಮಾಡಿಸುವ ವ್ಯವಸ್ಥೆಯನ್ನು ಅದು ಕೈಗೊಂಡಿತು. ಹೀಗೆ ಮಾಡಿದುದರಿಂದ ಮಗುವಿಗೆ ಉಡುಪೂ ಆ ದೇಶದ ದುಡಿಮೆಗಾರರಿಗೆ ಕೆಲಸವೂ ಒಟ್ಟಿಗೆ ದೊರೆತವು. ಮೇರಿ ಮಕಾರ್ಥರ್ ೧೯೧೪ರಲ್ಲಿ ಎತ್ತಿದ ಆಕ್ಷೇಪಣೆಗೆ ಮೂವತ್ತು ವರ್ಷಗಳ ತರುವಾಯ ದೊರೆತ ಅತ್ಯಂತ ಸಮರ್ಪಕವಾದ ಉತ್ತರ ಇದು ಎಂದು ನಾವು ಭಾವಿಸುತ್ತೇವೆ.

ಇದಕ್ಕೆ ವಿರುದ್ಧವಾದ ನಿದರ್ಶನವು ನಮ್ಮ ನೆರೆಯಲ್ಲಿಯೇ ಇದೆ. ೨೦೦೪ರ ಡಿಸೆಂಬರ್ ೨೬ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣದ ಕರಾವಳಿಗೆ ಲಾರಿಗಟ್ಟಲೆ ಹಳೆಯ ಬಟ್ಟೆಗಳು ಬಂದುವು. ಆ ಸೆಕೆಯ ತೀರಕ್ಕೆ ಒಗ್ಗದ, ತೊಡುವವರ ಘನತೆಗೆ ಸಲ್ಲದ ಆ ಬಟ್ಟೆಗಳು ರಸ್ತೆಗಳ ಬದಿಯಲ್ಲಿ ರಾಶಿಬಿದ್ದು, ಅವುಗಳನ್ನು ಸಾಗಿಸುವುದೇ ಪರಿಹಾರ ಸಿಬ್ಬಂದಿಗೆ ಇನ್ನೊಂದು ಕೆಲಸವಾಯಿತು. ಕಳುಹಿಸಿದವರ ಅನುಕಂಪದಲ್ಲಿ ಕೊರತೆ ಇರಲಿಲ್ಲ. ಕೇಳಿ ತಿಳಿಯುವ ಕೆಲಸವೊಂದು ನಡೆದಿರಲಿಲ್ಲ.

೬

ಈಗ ನಾವು ಹೆಣಿಗೆಯ ಸೇವೆಯು ಪಡೆದ ಈಚಿನ ರೂಪಕ್ಕೆ ಬರುತ್ತೇವೆ. ೨೦೦೫ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯು ನವಜಾತ ಶಿಶುಗಳ ಕುರಿತು ಪ್ರಕಟಿಸಿದ ಲೇಖನಮಾಲೆಯು, ಹುಟ್ಟಿದ ಮೊದಲ ೨೮ ದಿನಗಳಲ್ಲಿಯೇ ವರ್ಷಕ್ಕೆ ೪೦ ಲಕ್ಷ ಶಿಶುಗಳು ಸಾಯುತ್ತಿವೆಯೆಂದೂ, ಆ ಮರಣಗಳಲ್ಲಿ ಶೇಕಡ ೯೯ರಷ್ಟು ಬಡ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿ ನಡೆಯುತ್ತಿವೆಯೆಂದೂ ತೋರಿಸಿತು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಾದ ಶಿಶುವಿಗೆ ಚಳಿಯು ದೊಡ್ಡ ಶತ್ರು. ಶಿಶುವಿನ ತಲೆಯು ಅದರ ಮೈಯ ಮೇಲ್ಮೈಯಲ್ಲಿ ಸುಮಾರು ಐದನೆಯ ಒಂದು ಭಾಗದಷ್ಟಿರುತ್ತದೆ. ದೊಡ್ಡವರಂತೆ ನಡುಗಿ ಶಾಖವನ್ನು ಉತ್ಪಾದಿಸುವ ಶಕ್ತಿಯು ಅದಕ್ಕಿಲ್ಲ. ದೇಹದ ಉಷ್ಣತೆಯು ೩೬.೫ ಡಿಗ್ರಿ ಸೆಲ್ಸಿಯಸ್ಸಿಗಿಂತ ಇಳಿದರೆ ಅಪಾಯವು ಆರಂಭವಾಗುತ್ತದೆ. ಇದು ಹಿಮದ ನಾಡುಗಳ ಸಮಸ್ಯೆ ಮಾತ್ರವಲ್ಲ. ಉಷ್ಣವಲಯದ ಆಸ್ಪತ್ರೆಗಳಲ್ಲಿಯೂ ಶಿಶುಗಳು ಈ ಬಾಧೆಗೆ ತುತ್ತಾಗುತ್ತವೆ. ನಮ್ಮ ನಾಡಿನ ಮನೆಗಳಲ್ಲಿ ಹಸುಗೂಸಿಗೆ ಕುಲಾವಿಯನ್ನು ತೊಡಿಸುವ ರೂಢಿಯ ಹಿಂದೆ ಇದೇ ಅನುಭವಜ್ಞಾನವು ಅಡಗಿದೆ.

೨೦೦೬ರಲ್ಲಿ ಸೇವ್ ದ ಚಿಲ್ಡ್ರನ್ ಸಂಸ್ಥೆಯ ಅಮೆರಿಕದ ಶಾಖೆಯು ಈ ವಿಷಯವನ್ನೇ ತನ್ನ ವಾರ್ಷಿಕ ವರದಿಯ ಮುಖ್ಯ ವಸ್ತುವಾಗಿಸಿಕೊಂಡು, ಅದೇ ವರ್ಷದ ಕೊನೆಗೆ ನವಜಾತರಿಗಾಗಿ ಟೋಪಿಗಳನ್ನು ಹೆಣೆದುಕೊಡಬೇಕೆಂದು ಸಾರ್ವಜನಿಕರನ್ನು ಕೇಳಿತು. ಕೆಲವೇ ತಿಂಗಳುಗಳಲ್ಲಿ ಎರಡು ಲಕ್ಷಕ್ಕೂ ಮೀರಿ ಟೋಪಿಗಳು ಬಂದುವು. ಟೋಪಿಗಳೊಡನೆ, ಬಡ ದೇಶಗಳ ಶಿಶುರಕ್ಷಣೆಗೆ ಹೆಚ್ಚು ಹಣವನ್ನು ಒದಗಿಸಬೇಕೆಂದು ರಾಷ್ಟ್ರಾಧ್ಯಕ್ಷರನ್ನು ಕೋರುವ ಚೀಟಿಗಳನ್ನೂ ಬರೆದು ಕಳುಹಿಸುವಂತೆ ಸಂಸ್ಥೆಯು ಸೂಚಿಸಿತ್ತು. ಇಲ್ಲಿ ಹ್ರಸ್ವವಾದ ಒಂದು ಉಣ್ಣೆಯ ವಸ್ತುವು ಉಡುಪೂ ಹೌದು, ಮನವಿಪತ್ರವೂ ಹೌದು. ೧೯೧೯ರಲ್ಲಿ ಜೆಬ್ ಅವರ ಕರಪತ್ರವು ಮಾಡಿದ ಕೆಲಸವನ್ನು ಈ ಟೋಪಿಯು ಬೇರೊಂದು ರೀತಿಯಲ್ಲಿ ಮಾಡಿತು.

ಆದರೆ ವಿಜ್ಞಾನವು ದಾನಿಗಳ ಭಾವನೆಯನ್ನು ಕೇಳಿ ತೀರ್ಪು ಕೊಡುವುದಿಲ್ಲ. ಈಚಿನ ವರ್ಷಗಳಲ್ಲಿ ಇಥಿಯೋಪಿಯ, ಮೊಜಾಂಬಿಕ್ ಮತ್ತು ಟಾಂಜಾನಿಯಗಳ ಆಸ್ಪತ್ರೆಗಳಲ್ಲಿ ಒಂದು ಪರೀಕ್ಷೆ ನಡೆಯಿತು. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡ, ತೂಕ ಕಡಿಮೆಯಾದ ಶಿಶುಗಳಲ್ಲಿ ಕೆಲವಕ್ಕೆ ಉಣ್ಣೆಯ ಟೋಪಿಯನ್ನು ತೊಡಿಸಿ, ಕೆಲವಕ್ಕೆ ತೊಡಿಸದೆ ಉಷ್ಣತೆಯನ್ನು ಅಳೆಯಲಾಯಿತು. ಎರಡು ಗುಂಪುಗಳ ನಡುವೆ ಗಣನೀಯವಾದ ವ್ಯತ್ಯಾಸವು ಕಂಡುಬರಲಿಲ್ಲ. ತಾಯಿಯ ಎದೆಯ ಮೇಲಿರುವ ಕೂಸಿಗೆ ಟೋಪಿಯು ಸೇರಿಸುವುದು ಅಲ್ಪ. ಶಾಖದ ಮೂಲವು ತಾಯಿಯೇ.

ಈ ತಾಯಿಯ ಶಾಖದ ವಿಧಾನಕ್ಕೂ ಒಂದು ಚರಿತ್ರೆ ಇದೆ. ೧೯೭೮ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಶಾಖಪೆಟ್ಟಿಗೆಗಳು ಸಾಲದೆ ಬಂದಾಗ ಡಾಕ್ಟರ್ ಎಡ್ಗರ್ ರೇ ಈ ಕ್ರಮವನ್ನು ಆರಂಭಿಸಿದರು. ಡಾಕ್ಟರ್ ಹೆಕ್ಟರ್ ಮಾರ್ಟಿನೆಜ್ ಅದನ್ನು ಮುಂದುವರಿಸಿದರು. ಕಾಂಗರೂ ತನ್ನ ಮರಿಯನ್ನು ಹೊರುವಂತೆ ಇರುವುದರಿಂದ ಕಾಂಗರೂ ಆರೈಕೆಯೆಂದು ಅದಕ್ಕೆ ಹೆಸರಾಯಿತು. ಭಾರತ, ಘಾನಾ, ಮಲಾವಿ, ನೈಜೀರಿಯ, ಟಾಂಜಾನಿಯಗಳ ಐದು ಆಸ್ಪತ್ರೆಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆಯನ್ನು ಪಡೆದ ಶಿಶುಗಳಲ್ಲಿ ೨೮ ದಿನಗಳೊಳಗಿನ ಮರಣವು ಶೇಕಡ ೧೨ ಇದ್ದರೆ, ಶಿಶುವಿನ ಸ್ಥಿತಿ ಸ್ಥಿರವಾದ ಮೇಲೆಯೇ ಅದನ್ನು ಆರಂಭಿಸುವ ರೂಢಿಯ ಕ್ರಮದಲ್ಲಿ ಶೇಕಡ ೧೫.೭ ಇತ್ತು. ಕರ್ನಾಟಕದ ಕೊಪ್ಪಳ ಜಿಲ್ಲೆಯು ಈ ವಿಷಯದಲ್ಲಿ ವಿಶೇಷವಾಗಿ ಉಲ್ಲೇಖಾರ್ಹ. ೨೦೦೦ ಗ್ರಾಂಗಿಂತ ತೂಕ ಕಡಿಮೆಯಾದ ಶಿಶುಗಳಿಗೆ ಇಡೀ ಜಿಲ್ಲೆಯ ಮಟ್ಟದಲ್ಲಿ ಈ ಆರೈಕೆಯನ್ನು ಹೇಗೆ ವ್ಯಾಪಿಸಬಹುದೆಂಬ ಸಂಶೋಧನೆಯು ಭಾರತದ ಇತರ ಎರಡು ರಾಜ್ಯಗಳು ಮತ್ತು ಇಥಿಯೋಪಿಯದೊಡನೆ ಅಲ್ಲಿಯೂ ನಡೆದು, ಅದರ ಫಲಿತಾಂಶಗಳು ೨೦೨೧ರಲ್ಲಿ ಪ್ರಕಟವಾದುವು.

ಹಾಗಾದರೆ ಟೋಪಿಯನ್ನು ಹೆಣೆದವರ ಶ್ರಮವು ವ್ಯರ್ಥವೇ? ನಾವು ಹಾಗೆ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೧೯೯೭ರಲ್ಲಿ ಸೂಚಿಸಿದ ಶಾಖರಕ್ಷಣೆಯ ಹತ್ತು ಹಂತಗಳಲ್ಲಿ ಬೆಚ್ಚನೆಯ ಹೆರಿಗೆ ಕೋಣೆ, ಮಗುವನ್ನು ಒಡನೆಯೇ ಒರೆಸುವುದು, ತಾಯಿಯ ಮೈಯ ಸಂಪರ್ಕ, ಎದೆಹಾಲು, ಸ್ನಾನವನ್ನು ಮುಂದೂಡುವುದು, ಬೆಚ್ಚನೆಯ ಸಾಗಣೆ ಮೊದಲಾದುವುಗಳೊಡನೆ ತಕ್ಕ ಉಡುಪಿಗೂ ಸ್ಥಾನವುಂಟು. ತಾಯಿಯು ರೋಗಪೀಡಿತಳಾದಾಗ, ಅಥವಾ ಕೂಸನ್ನು ಬೇರೆಡೆಗೆ ಸಾಗಿಸಬೇಕಾದಾಗ, ತಲೆಗೆ ಹೊದಿಕೆ ಬೇಕೇ ಬೇಕು. ಅದು ಸರಪಳಿಯ ಒಂದು ಕೊಂಡಿ, ಸರಪಳಿಯೇ ಅಲ್ಲ. ೨೦೦೫ರಲ್ಲಿ ೪೦ ಲಕ್ಷವೆಂದು ಎಣಿಸಿದ ನವಜಾತ ಮರಣಗಳು ೨೦೨೨ರ ಅಂದಾಜಿನಲ್ಲಿ ೨೩ ಲಕ್ಷಕ್ಕೆ ಇಳಿದಿದ್ದವು. ಈ ಇಳಿಕೆಯನ್ನು ತಂದವರಲ್ಲಿ ಮುಖ್ಯರು ದಾದಿಯರು, ವೈದ್ಯರು, ಆರೋಗ್ಯ ಕಾರ್ಯಕರ್ತೆಯರು ಮತ್ತು ತಾಯಂದಿರು. ಸಾರ್ವಜನಿಕರ ಗಮನವನ್ನೂ ಸರಕಾರಗಳ ಹಣವನ್ನೂ ಆ ಕಡೆಗೆ ತಿರುಗಿಸಿದ ಮಟ್ಟಿಗೆ ಹೆಣೆದವರೂ ಅವರ ಜೊತೆಯವರೇ.

೭

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ಒಂದನೆಯದಾಗಿ, ಸ್ವಯಂಸೇವೆಯ ಹೆಣಿಗೆಯು ಭಾವನೆಯ ಉಕ್ಕಿನಿಂದ ಹುಟ್ಟಿದರೂ ನಿಯಮದಿಂದ ಬಾಳಿತು. ನಿಯಮವು ಸಡಿಲವಾದ ಕಡೆಯಲ್ಲೆಲ್ಲ ಅದು ಪಡೆಯುವವರಿಗೆ ಭಾರವಾಯಿತು. ಎರಡನೆಯದಾಗಿ, ಅದರ ಅತ್ಯಂತ ದೊಡ್ಡ ನೈತಿಕ ಸಾಧನೆಯು ವೈರಿಯ ಮಗುವನ್ನೂ ತನ್ನ ಅಳತೆಯೊಳಗೆ ತಂದುದು. ಮೂರನೆಯದಾಗಿ, ಹೆಣೆದ ವಸ್ತುವಿನ ಬೆಲೆಯು ಕಾಲಕಾಲಕ್ಕೆ ಬದಲಾಗಿದೆ. ೧೯೧೭ರಲ್ಲಿ ಅದು ಇಲ್ಲದ ಸರಕನ್ನು ಒದಗಿಸಿತು. ಯಂತ್ರಗಳು ಅಗ್ಗವಾಗಿ ಉಡುಪನ್ನು ಉತ್ಪಾದಿಸುವ ಇಂದು ಅದು ಮುಖ್ಯವಾಗಿ ಎರಡು ದೂರದ ಸಮಾಜಗಳ ನಡುವಣ ಸಂಬಂಧವನ್ನು ಕಾಯುತ್ತದೆ. ಈ ಬದಲಾವಣೆಯನ್ನು ಅರಿತ ಸಂಸ್ಥೆಗಳು ಹೆಣಿಗೆಯನ್ನು ಸರಿಯಾದ ಸ್ಥಾನದಲ್ಲಿಟ್ಟು ಬಳಸಿವೆ. ಅರಿಯದವು ಉಗ್ರಾಣಗಳನ್ನು ತುಂಬಿಸಿವೆ.

ಇತಿಹಾಸದ ವಿದ್ಯಾರ್ಥಿಗೆ ಇನ್ನೂ ಒಂದು ವಿಷಯ ಉಳಿಯುತ್ತದೆ. ಈ ಕಾರ್ಯದ ದಾಖಲೆಗಳಲ್ಲಿ ವಸ್ತುಗಳ ಎಣಿಕೆಯು ಇರುತ್ತದೆ, ಮಾಡಿದವರ ಹೆಸರುಗಳು ಇರುವುದಿಲ್ಲ. ಕೋಟಿಗಟ್ಟಲೆ ಗಂಟೆಗಳ ಸ್ತ್ರೀಶ್ರಮವು ವರದಿಗಳ ಒಂದು ಕೋಷ್ಟಕದಲ್ಲಿ ಅಡಗಿಹೋಗಿದೆ. ನಮ್ಮ ನಾಡಿನಲ್ಲಿಯೂ ಮಹಿಳಾ ಸಮಾಜಗಳ ನಡಾವಳಿ ಪುಸ್ತಕಗಳು, ಶಾಲೆಗಳ ಹೆಣಿಗೆ ತರಗತಿಗಳ ದಿನಚರಿಗಳು, ೧೯೬೨ರ ಚಳಿಗಾಲದ ಸಂಗ್ರಹಗಳ ಪಟ್ಟಿಗಳು ಎಲ್ಲಿ ಉಳಿದಿದ್ದರೂ ಅವು ಚರಿತ್ರೆಯ ಆಕರಗಳೇ. ಆ ಕಾಲವನ್ನು ಕಂಡ ಹಿರಿಯ ಮಹಿಳೆಯರು ಇನ್ನೂ ಕೆಲವರಾದರೂ ನಮ್ಮ ನಡುವೆ ಇದ್ದಾರೆ. ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಅವರ ಬಳಿಗೆ ಕಳುಹಿಸಿ, ಯಾರು ಕೇಳಿದರು, ನೂಲು ಎಲ್ಲಿಂದ ಬಂದಿತು, ಅಳತೆಯನ್ನು ಯಾರು ಗೊತ್ತುಮಾಡಿದರು ಎಂಬ ಮೂರು ಪ್ರಶ್ನೆಗಳನ್ನಾದರೂ ಕೇಳಿ ಬರೆದಿಡುವಂತೆ ಮಾಡಿದರೆ, ಈ ವಿಷಯದ ಮುಂದಿನ ಸಂಶೋಧನೆಗೆ ಅದು ಉಪಯುಕ್ತವಾದ ಸಾಮಗ್ರಿಯಾಗುವುದರಲ್ಲಿ ಸಂದೇಹವಿಲ್ಲ.